ಅಳತೆ ರವಿಕೆ

ಡಾರ್ಮ್‌ಸ್ಟಾಟ್‌ನಲ್ಲಿ ನನಗೆ ರವಿಕೆ ಹೊಲಿದುಕೊಡುವವರು ಘಾನಾ ದೇಶದ ಒಬ್ಬ ಟೈಲರ್. ಟ್ರಾಮ್ ಸ್ಟಾಪಿನ ಪಕ್ಕ ಅವರ ಪುಟ್ಟ ಅಂಗಡಿ. ಉಡುಪಿಯಲ್ಲಿ ಮಾಡುತ್ತಿದ್ದ ಹಾಗೆ, ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಟ್ಟರೆ ಸಾಕು, ಬೇರೇನೂ ಕೇಳದೆ ಹೊಲಿಯುತ್ತಾರೆ. ಹೊಗಳಿದರೆ, ಇದೆಲ್ಲ ಅಣ್ಣ ಕಲಿಸಿದ್ದು ಎನ್ನುತ್ತಿದ್ದರು.

ಆ ಅಣ್ಣನದು ಅಲ್ಲಿ ಘಾನಾದ ಊರಿನಲ್ಲೇ ಹೊಲಿಗೆ ಅಂಗಡಿ. ಹೋದ ಚಳಿಗಾಲದಲ್ಲಿ, ಹೊಲಿಸಲು ಯಾರೂ ಬರುತ್ತಿಲ್ಲ, ಅಂಗಡಿ ಮುಚ್ಚುವ ಹಾಗಾಗಿದೆ ಎಂದು ಇವರು ಹೇಳಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಕೇಳುವ ವ್ಯವಧಾನ ನನಗೆಲ್ಲಿ? ಕನ್ನಡದವರ ನಾಲ್ಕು ಮನೆ ಸುತ್ತಿ, ಹರಿಯದ, ಬಣ್ಣ ಮಾಸದ ಬಟ್ಟೆಗಳನ್ನೇ ಆರಿಸಿ, ಒಗೆದು ಇಸ್ತ್ರಿ ಮಾಡಿ, ಮೂರು ಚೀಲ ಹೊತ್ತುಕೊಂಡು ಹೋದೆ. ಅಣ್ಣನಿಗೆ ಕಳಿಸಿ, ಮಾರಿಕೊಳ್ಳಲಿ ಎಂದೆ.

ಅವರು ಮೆಷಿನ್ ನಿಲ್ಲಿಸಿದರು. ಒಂದು ಶರ್ಟು ಎತ್ತಿ, ಕಾಲರ್ ಮಗುಚಿ, ಒಳಗಿನ ಲೇಬಲ್ ಮೇಲೆ ಹೆಬ್ಬೆರಳಿಟ್ಟರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಜರ್ಮನ್ ಹೆಂಗಸೊಬ್ಬಳು ನನ್ನ ಹಿಂದೆ ಗಡಿಯಾರ ನೋಡುತ್ತಿದ್ದಳು.

“ನಮ್ಮೂರಿಗೆ ಹಡಗು ತುಂಬ ಬರುವುದು ಇದೇ,” ಎಂದರು ಮೆಲ್ಲಗೆ. “ಅಣ್ಣ ಹೊಲಿದದ್ದಕ್ಕಿಂತ ಅಗ್ಗ. ಅವನ ಅಂಗಡಿ ಮುಚ್ಚಿಸುತ್ತಿರುವುದು ಇದು ಮೇಡಂ. ನನ್ನ ಕೈಯಿಂದಲೂ ಕಳಿಸಬೇಕೇ?”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ತಪ್ಪಾಯಿತು ಅನ್ನುವ ಬದಲು, ನನಗೇನು ಗೊತ್ತಿತ್ತು ಎಂದು ರೇಗಿದೆ. ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟೇ.

ಚೀಲಗಳು ಮನೆಗೆ ವಾಪಸಾದವು. “ರಸ್ತೆ ಕೊನೆಯಲ್ಲೇ ಹಳೆಬಟ್ಟೆ ಕಂಟೇನರ್ ಉಂಟಲ್ಲ ಮಾರಾಯ್ತಿ, ಹಾಕಿ ಬಾ,” ಎಂದರು ಗಂಡ. ಇಷ್ಟು ವರ್ಷ ಪುಣ್ಯದ ಕೆಲಸವೆಂದು ಅದರಲ್ಲೇ ಹಾಕುತ್ತಿದ್ದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಚೀಲಗಳನ್ನು ಕೆಳಗೆ ನೆಲಮಾಳಿಗೆಯಲ್ಲಿ ಇಟ್ಟೆ. ಈಗಲೂ ಅಲ್ಲೇ ಇವೆ.

ಮರುದಿನ ಹೋಗಿ ನನ್ನ ಅಳತೆ ರವಿಕೆಯನ್ನೂ ಹಸಿರು ರವಿಕೆ ಕಣವನ್ನೂ ಮೇಜಿನ ಮೇಲಿಟ್ಟು, ಇದನ್ನು ಅಣ್ಣನೇ ಹೊಲಿಯಲಿ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಎರಡನ್ನೂ ಮಡಚಿ ಒಳಗಿಟ್ಟರು.

ಎರಡು ತಿಂಗಳ ಮೇಲೆ ರವಿಕೆ ಬಂತು. ಕುತ್ತಿಗೆಯ ಒಳಗೆ ಅಣ್ಣನ ಅಂಗಡಿಯ ಲೇಬಲ್, ಕೈಹೊಲಿಗೆಯಲ್ಲಿ. ಹಾಗಾದರೆ ಅಂಗಡಿ ಉಳಿಯಿತೇ ಎಂದು ಕೇಳಿದೆ.

“ನಿಮ್ಮದನ್ನು ಮುಗಿಸಿ ಬಾಗಿಲು ಹಾಕಿದ,” ಎಂದರು.

ಅಷ್ಟು ಸರಿಯಾಗಿ ಕೂರುವ ರವಿಕೆ ನನ್ನ ಹತ್ತಿರ ಇನ್ನೊಂದಿಲ್ಲ. ಈಗ ಅಳತೆಗೆ ಅದನ್ನೇ ಕೊಡುತ್ತೇನೆ. ಪ್ರತಿ ಸಲವೂ ಅವರು ಮೊದಲು ಮಗುಚಿ ನೋಡುವುದು ಕುತ್ತಿಗೆಯನ್ನು.