ಜೇಬಿನಲ್ಲಿ ಸಿಕ್ಕಿದ್ದು ಜೇಬಿಗೆ

ನನ್ನ ಪಂಕ್ಚರ್ ಅಂಗಡಿಗೆ ಅಂಟಿಕೊಂಡೇ ಅಕ್ಕನ ಇಸ್ತ್ರಿ ಅಂಗಡಿ. ಒಡಹುಟ್ಟಿದವಳಲ್ಲ, ಆದರೂ ಅಕ್ಕನೇ. ಬೈಯುವ ಹಕ್ಕು ಅವಳದು, ಬೈಸಿಕೊಳ್ಳುವ ಕರ್ಮ ನನ್ನದು. ಅವಳ ಅಂಗಡಿಗೆ ಒಂದೇ ಕಾನೂನು: ಜೇಬಿನಲ್ಲಿ ಸಿಕ್ಕಿದ್ದು ಜೇಬಿಗೆ. ಹೊರಗೆ ತೆಗೆದು ನೋಡುವಂತಿಲ್ಲ, ಯಾರದು ಏನು ಎಂದು ಕೇಳುವಂತಿಲ್ಲ. ಬಿದ್ದುಹೋಗದಂತೆ ಮೇಲೊಂದು ಪಿನ್ನು ಚುಚ್ಚಿ ಕಳಿಸುವುದು, ಅಷ್ಟೆ. ಇಷ್ಟು ವರ್ಷದಲ್ಲಿ ಆ ಜೇಬುಗಳಲ್ಲಿ ಏನೇನು ಸಿಕ್ಕಿದೆಯೋ, ಗೋಡೆಯ ಆಚೆ ಕೂತ ನನಗೂ ಗೊತ್ತಿಲ್ಲ. ನಾನೇನು ಕೇಳದೆ ಬಿಟ್ಟವನಲ್ಲ.

ಇಂಥವಳ ಓಡಾಟ ಮಾತ್ರ ಬಟಾಬಯಲಾಯಿತು. ಒಮ್ಮೆ ಹೊಸ ಬಡಾವಣೆಗೆ ಬಟ್ಟೆ ಕೊಡಲು ಫೋನಿನ ಮ್ಯಾಪ್ ನಂಬಿ ಹೊರಟಳು. ಅದರೊಳಗಿನ ಹೆಂಗಸು ಎಡಕ್ಕೆ ಬಲಕ್ಕೆ ಎಂದು ತಿರುಗಿಸಿ, ಒಂದು ಕಾಂಪೌಂಡ್ ಗೋಡೆಯ ಮುಂದೆ ನಿಲ್ಲಿಸಿ, "ನೀವು ತಲುಪಿದ್ದೀರಿ" ಎಂದು ಕೈ ತೊಳೆದುಕೊಂಡಳು. ಅಕ್ಕ ಮನೆ ಸೇರುವಾಗ ಸಂಜೆಯಾಗಿತ್ತು. ಸ್ಕೂಲಿನಲ್ಲಿ ಟೀಚರ್ ಆಗಿರುವ ಮಗಳು ಹೆದರಿ, ಅಮ್ಮ ಎಲ್ಲಿದ್ದರೂ ತನ್ನ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ಕಾಣುವಂತೆ ಮಾಡಿಕೊಂಡಳು. ಆಮೇಲೆ ದಿನಾ ವಿಚಾರಣೆ. "ಅಮ್ಮಾ, ತರಕಾರಿ ಅಂಗಡಿ ಮುಂದೆ ಅಷ್ಟು ಹೊತ್ತು ಯಾಕೆ ನಿಂತಿದ್ದೆ?"

"ತಮ್ಮಾ, ನನಗೆ ಸೀನು ಬರೋದೂ ಅವಳಿಗೇ ಮೊದಲು ಗೊತ್ತಾಗುತ್ತೆ ಕಣೋ," ಎಂದು ಅಕ್ಕ ಗೊಣಗಿದಳು.

ಅಷ್ಟರಲ್ಲಿ ಅಕ್ಕನಿಗೆ ಸ್ಕೂಟರ್ ಕಲಿಯುವ ಆಸೆ ಹುಟ್ಟಿತ್ತು. ಗಂಟು ಹೊತ್ತು ಹೊತ್ತು ಮಂಡಿ ಸವೆದಿದ್ದವು. ಆದರೆ ಭಾವ ಹಿಂದೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಆ ಮನೆಯಲ್ಲಿ ಸ್ಕೂಟರಿನ ಹೆಸರೆತ್ತುವಂತಿರಲಿಲ್ಲ. ಮಗಳಿಗೆ ಗೊತ್ತಾದರೆ ಕಲಿಕೆ ಅವತ್ತಿಗೇ ಮುಗಿಯಿತು. ಗುರು ನಾನು, ಹಳೇ ಸ್ಕೂಟರೂ ನನ್ನದೇ, ಮಾರ್ಕೆಟ್ಟಿನ ಹಿಂದೆ ಖಾಲಿ ಮೈದಾನ. ಉಳಿದದ್ದು ಆ ಚುಕ್ಕೆಯೊಂದೇ.

ಮಗಳು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವಳು ಅಕ್ಕ. ಚುಕ್ಕೆ ಅಂಗಡಿಯಲ್ಲೇ ಕಾಣಲೆಂದು ಫೋನ್ ಬಿಟ್ಟು ಹೊರಡಬೇಕು. ಮೇಜಿನ ಮೇಲೆ ಬಿಟ್ಟರೆ ಜೊತೆಗೆ ಕೆಲಸ ಮಾಡುವ ನಾದಿನಿ ಎತ್ತಿ ಮಾತಾಡಿ ಎಲ್ಲ ಕೆಡಿಸುತ್ತಾಳೆ. ಹಾಗಾಗಿ ಅದರ ಸದ್ದಡಗಿಸಿ, ತೂಗುಹಾಕಿದ ಯಾವುದೋ ಬಟ್ಟೆಯ ಜೇಬಿಗೆ ಸೇರಿಸಿ ಹೊರಡುತ್ತಿದ್ದಳು. ಆ ಅಂಗಡಿಯಲ್ಲಿ ಜೇಬಿಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ?

ಅವತ್ತು ಫೋನ್ ಸೇರಿದ್ದು ಡಾಕ್ಟರರ ಬಿಳಿ ಕೋಟಿಗೆ. ಸಂಜೆ ಒಯ್ಯಬೇಕಾದ ಕೋಟನ್ನು ಆಸ್ಪತ್ರೆಯವರು ಮಧ್ಯಾಹ್ನವೇ ಕೇಳಿಕೊಂಡು ಬಂದರು. ಕೋಟು ಇಳಿಸುವಾಗ ನಾದಿನಿಯ ಕೈಗೆ ಫೋನ್ ತಗುಲಿತು. ಅಂಗಡಿಯ ಕಾನೂನು ಬಲ್ಲ ಹೆಂಗಸು. ನೋಡಲಿಲ್ಲ, ಕೇಳಲಿಲ್ಲ, ಪಿನ್ನು ಚುಚ್ಚಿ ಕಳಿಸಿಬಿಟ್ಟಳು.

ಊಟದ ಬಿಡುವಿನಲ್ಲಿ ಮಗಳು ನೋಡಿದರೆ ಅಮ್ಮನ ಚುಕ್ಕೆ ಆಸ್ಪತ್ರೆಯಲ್ಲಿ. ಫೋನ್ ಮಾಡಿದರೆ ಎತ್ತುವವರಿಲ್ಲ. ಅಂಗಡಿಯಲ್ಲಿದ್ದ ಅತ್ತೆಗೆ ಫೋನ್ ಮಾಡಿ ಕೇಳಿದರೆ, "ನಿಮ್ಮಮ್ಮ ಹೊರಗೆ ಹೋದವರು ಇನ್ನೂ ಬಂದಿಲ್ಲ" ಎಂಬ ಉತ್ತರ. ಪಾಪ, ಹುಡುಗಿ ಸ್ಕೂಲಿನಿಂದ ನೇರ ಆಸ್ಪತ್ರೆಗೆ ಓಡಿದಳು.

ಪಾಠ ಮುಗಿಸಿ, ಅಕ್ಕನೇ ಸ್ಕೂಟರ್ ಓಡಿಸುತ್ತಾ, ನಾವು ಅಂಗಡಿಯ ಹಿಂದಿನ ಗಲ್ಲಿಗೆ ಬರುವಾಗ ನಾದಿನಿ ಎದುರಿಗೇ ಓಡಿಬಂದಳು. "ಅತ್ತಿಗೆ, ನೀವು ಆಸ್ಪತ್ರೆಯಲ್ಲಿದ್ದೀರಂತೆ. ಹುಡುಗಿ ಅಳ್ತಾ ಹೋದಳು."

"ಆ ಬಿಳಿ ಕೋಟು?" ಎಂದಳು ಅಕ್ಕ.

"ಕೊಟ್ಟು ಕಳಿಸಿದೆ."

ಅಕ್ಕ ಅಲ್ಲೇ ಸ್ಕೂಟರ್ ತಿರುಗಿಸಿದಳು. ನಾನು ನನ್ನ ಫೋನಿನಿಂದ ಅವಳ ಮಗಳಿಗೆ ಕರೆ ಮಾಡಿದೆ; ಬ್ಯುಸಿ. "ಇಳಿ ಅಕ್ಕಾ, ನಾನು ಓಡಿಸ್ತೀನಿ."

"ಇಳಿದು ಹತ್ತೋಕೆ ಟೈಮಿಲ್ಲ. ಗಟ್ಟಿಯಾಗಿ ಹಿಡ್ಕೋ."

ಮೈದಾನ ಬಿಟ್ಟು ದೊಡ್ಡ ರಸ್ತೆ ಕಾಣದವಳು ಬಸ್ಸು, ಲಾರಿಗಳ ನಡುವೆ ನುಗ್ಗಿದಳು. ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಅವಳು ಮಾತ್ರ ತಿರುವಿನಲ್ಲೆಲ್ಲ ಕೈ ತೋರಿಸಿ, ರಸ್ತೆಯ ಹಂಪ್ ಬಂದಲ್ಲೆಲ್ಲ ನಿಧಾನಿಸಿ, ನಾನು ಹೇಳಿಕೊಟ್ಟದ್ದನ್ನು ಒಂದೂ ಬಿಡದೆ ಮಾಡಿದಳು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಆಸ್ಪತ್ರೆಯ ಬಾಗಿಲಲ್ಲಿ ಮಗಳು ಅಳುತ್ತಾ ನರ್ಸ್ ಜೊತೆ ವಾದಿಸುತ್ತಿದ್ದಳು. ಅಮ್ಮನನ್ನು ಕಂಡವಳೇ ತಬ್ಬಿಕೊಂಡಳು. ಹೋದ ಜೀವ ಬಂದ ಮೇಲೆ ಅವಳ ಕಣ್ಣು ಸ್ಕೂಟರಿನ ಮೇಲೆ ಬಿತ್ತು, ಆಮೇಲೆ ನನ್ನ ಮೇಲೆ. "ಮಾವ, ನೀವೂನಾ?" ನಾನು ಬಗ್ಗಿ ಟೈರಿನ ಗಾಳಿ ನೋಡತೊಡಗಿದೆ.

"ಅವನನ್ನೇನು ಕೇಳ್ತೀಯ, ನನ್ನ ಕೇಳು," ಎಂದಳು ಅಕ್ಕ. "ಊರವರ ಜೇಬೆಲ್ಲ ನನ್ನ ಕೈಲಿರುತ್ತೆ. ಒಂದನ್ನೂ ಬಿಚ್ಚಿ ನೋಡಿದವಳಲ್ಲ. ನನ್ನ ಜೇಬನ್ನ ಮಾತ್ರ ನೀನು ದಿನಾ ತಡಕ್ತೀಯಲ್ಲ ಮಗಳೇ."

"ಹೆದರಿಕೆಯಮ್ಮಾ."

"ಗೊತ್ತು. ಹೆದರಿಕೆ ನಿನ್ನದು. ಜೇಬು ನನ್ನದು."

ಅಷ್ಟರಲ್ಲಿ ಡಾಕ್ಟರು ನಗುತ್ತಾ ಕೋಟಿನ ಜೇಬಿನಲ್ಲಿ ಸಿಕ್ಕಿದ ಫೋನನ್ನೂ ಪಿನ್ನನ್ನೂ ತಂದುಕೊಟ್ಟರು. ಮಗಳು ಫೋನ್ ತೆಗೆದುಕೊಂಡು ಅಲ್ಲಿ ಇಲ್ಲಿ ಒತ್ತಿದಳು. ಅವಳ ಫೋನಿನಲ್ಲಿದ್ದ ನೀಲಿ ಚುಕ್ಕೆ ಅಳಿಸಿಹೋಯಿತು. ಫೋನನ್ನು ಅಮ್ಮ ತೊಟ್ಟಿದ್ದ ಅಂಗಡಿಯ ಏಪ್ರನ್ನಿನ ಜೇಬಿಗೆ ಹಾಕಿ, ಮೇಲೆ ಅದೇ ಪಿನ್ನು ಚುಚ್ಚಿದಳು.

"ಜೇಬಿನಲ್ಲಿ ಸಿಕ್ಕಿದ್ದು ಜೇಬಿಗೆ," ಎಂದಳು. "ಎಲ್ಲಿಗಾದರೂ ಹೋಗು. ತಲುಪಿದ ಮೇಲೆ ನೀನೇ ಒಂದು ಫೋನ್ ಮಾಡು, ಸಾಕು."

ಅಕ್ಕನ ಕಣ್ಣು ತುಂಬಿತು. ಅದನ್ನು ಮರೆಮಾಡಲು ಸ್ಕೂಟರ್ ಸ್ಟಾರ್ಟ್ ಮಾಡಿದಳು. ಮಗಳು ಒಂದು ಗಳಿಗೆ ಅನುಮಾನಿಸಿ, ಹಿಂದೆ ಹತ್ತಿ ಅಮ್ಮನ ಸೊಂಟ ಹಿಡಿದು ಕೂತಳು. ಸ್ಕೂಟರ್ ನನ್ನದು, ಶಿಷ್ಯೆ ನನ್ನವಳು. ನಾನು ನಡೆದುಕೊಂಡೇ ಅಂಗಡಿಗೆ ಬಂದೆ.