ಕೆಂಪು ಬೀಳದ ಹೂವು

ನಮ್ಮೂರಿನ ನವಿ ಪೇಠದ ಒಂದು ಬಟ್ಟೆ ಅಂಗಡಿಯ ಮಾಲಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅಚ್ಚಿನಲ್ಲಿ ತಪ್ಪಾದ ಅಂಚೆಚೀಟಿಗಳನ್ನು ಕೂಡಿಸುವುದು ಅವರ ಹುಚ್ಚು. ಯಾರಾದರೂ ಬಣ್ಣ ಬಿಟ್ಟುಹೋದ ಚೀಟಿ ತಂದರೆ ಚಿಮಟದಿಂದ ಹಿಡಿದು, ಬೆಳಕಿಗೆ ಒಡ್ಡಿ, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡುತ್ತಿದ್ದರು. “ತಪ್ಪೂ ಖರೇ ಇರಬೇಕ್ರಿ. ಇದು ಅಚ್ಚಿನ ತಪ್ಪಲ್ಲ, ಬಿಸಲಿನ ಕೆಲಸ” ಎಂದು ಮರಳಿಸುತ್ತಿದ್ದರು.

ಅವರ ಸಂಗ್ರಹದ ಹೆಮ್ಮೆಯೆಂದರೆ ಕೆಂಪು ಬಣ್ಣವೇ ಬೀಳದ ಒಂದು ಹೂವಿನ ಚೀಟಿ. ಅದನ್ನು ಕೊಳ್ಳಲು ಪುಣೆಯಿಂದ ಒಬ್ಬರು ಬಂದ ದಿನ ನಾನೂ ಅಂಗಡಿಯಲ್ಲಿದ್ದೆ. ಕೊಡುವ ಮೊದಲು ಕೊನೆಯ ಸಲ ನೋಡೋಣವೆಂದು ಕಾಕಾ ತಾವು ಹೊಸದಾಗಿ ತರಿಸಿದ್ದ, ಅಳಿಸಿದ ಬಣ್ಣದ ಗುರುತನ್ನೂ ತೋರಿಸುವ ನೇರಳೆ ದೀಪದ ಕೆಳಗೆ ಚೀಟಿಯನ್ನಿಟ್ಟರು. ಬಿಳಿ ಎಸಳುಗಳ ಮೇಲೆ ತೊಳೆದುಹೋದ ಬಣ್ಣದ ಕಲೆ ಮಸುಕಾಗಿ ಕಾಣಿಸಿತು.

“ಇದು ಖರೇ ತಪ್ಪಲ್ರಿ. ಯಾರೋ ಔಷಧ ಹಾಕಿ ಕೆಂಪು ತಗದಾರ. ಈ ತಿಕೀಟ ನಿಮಗ ಕೊಡಾಂಗಿಲ್ಲ” ಎಂದರು.

ಬಂದವರು ಎದ್ದುಹೋದರು. ಕಾಕಾರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಮಾತ್ರ ಭೂತಗನ್ನಡಿ ಹಿಡಿದು ಆಗಲೇ ಚೀಟಿಯ ಮೇಲೆ ಬಗ್ಗಿದ್ದರು.

“ಇಲ್ಲಿ ಬಾ, ನೋಡು. ಬಾಜೂದಾಗಿನ ಹಸರು ಎಲಿಗಿ ಔಷಧದ ಒಂದು ಹನೀನೂ ತಾಗಿಲ್ಲ. ಹ್ಯಾಂಗ ತೊಳದಿರಬೇಕು ಅಂವ?”