ಹೆಣ್ಣಾಳು, ಒಂದು
ಜಪಾನಿನ ಬಟ್ಟೆ ಕಂಪನಿಯೊಂದರಿಂದ ಮೂವರು ಬೈಲಹೊಂಗಲದ ಹತ್ತಿ ಗಿರಣಿ ನೋಡಲು ಬರುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ಗಿರಣಿಯ ಮಾಲೀಕರು ನನ್ನನ್ನು ಕರೆಸಿದರು. ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ನಾನು ಧಾರವಾಡದಲ್ಲಿ ಜಪಾನಿ ಭಾಷೆ ಕಲಿತಿದ್ದೆ. ಸವದತ್ತಿ, ರಾಮದುರ್ಗದವರೆಗೆ ವಿಚಾರಿಸಿದರೂ ಅದನ್ನು ಬರೆಯಬಲ್ಲ ಇನ್ನೊಬ್ಬರು ಅವರಿಗೆ ಸಿಕ್ಕಿರಲಿಲ್ಲ. ಅತಿಥಿಗಳಿಗೆ ಕೊಡಲು ಗಿರಣಿಯವರ ಹೆಸರಿನ ಪಟ್ಟಿ ಜಪಾನಿಯಲ್ಲಿ ಬೇಕಿತ್ತು.

ಮಾಲೀಕರು ಕೊಟ್ಟ ಕಾಗದದಲ್ಲಿ ತಮ್ಮ ಹೆಸರಿನ ಮುಂದೆ 'ಸಾಮಾ', ಮ್ಯಾನೇಜರರಿಗೆ 'ಸಾನ್', ಯಂತ್ರ ನೋಡುವವನಿಗೆ 'ಕುನ್' ಎಂದಿತ್ತು. ಜಪಾನಿಯರು ಹೆಸರಿಗೆ ಹಚ್ಚುವ ಈ ಗೌರವದ ಪದಗಳನ್ನು ಮೊಬೈಲಿನಲ್ಲಿ ನೋಡಿ ತಾವೇ ಹಚ್ಚಿದ್ದರು. ಕೊನೆಯ ಸಾಲಿನಲ್ಲಿ 'ಅರಳೆ ನೋಡುವ ಹೆಣ್ಣಾಳು, ಒಂದು' ಎಂದಷ್ಟೇ ಇತ್ತು.

ಆ ಹೆಣ್ಣಾಳು ಸಂಗೊಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವರು. ಚೀಲದಿಂದ ಹಿಡಿ ಅರಳೆ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಯಾವುದು ಯಾವ ರಾಶಿಗೆ ಎಂದು ಹೇಳುವವರು. ಅತಿಥಿಗಳು ತಮ್ಮ ಪತ್ರದಲ್ಲಿ ನೋಡಬೇಕೆಂದು ಕೇಳಿದ್ದು ಈ ಕೆಲಸವನ್ನೇ.

"ಧಣ್ಯಾರ, ನಿಮಗ ನೀವ 'ಸಾಮಾ' ಹಚ್ಚಿಕೊಂಡ್ರ ಅವರು ಒಳಗೊಳಗ ನಗತಾರ್ರಿ. ಅದು ದೇವರಿಗೆ, ಗಿರಾಕಿಗೆ ಹಚ್ಚೂದು," ಎಂದೆ ನಾನು.

"ಲಗ್ನಪತ್ರಿಕಿ ಒಳಗ ನಾವ ನಮಗ ಶ್ರೀಮಾನ್ ಅಂತ ಹಾಕೊಳ್ಳೂದಿಲ್ಲೇನ್ರಿ? ಯಾರ ನಕ್ಕಾರ?"

"ಅವರ ಪದ್ಧತಿ ಬ್ಯಾರೆ ಐತ್ರಿ. ಹೊರಗಿನವರ ಮುಂದ ತಮ್ಮವರ ಹೆಸರಿಗೆ ಏನೂ ಹಚ್ಚೂದಿಲ್ಲ. ಧಣ್ಯಾರಿಗೂ ಇಲ್ಲ, ಆಳಿಗೂ ಇಲ್ಲ."

"ಹಂಗಾದ್ರ ನಾನೂ ಆ ಯಂತ್ರದಂವನೂ ಒಂದ ಏನ್ರಿ?"

"ಪಟ್ಟಿ ಒಳಗ ಒಂದರಿ."

"ಆತು, ಹಂಗ ಬರೀರಿ. ಆದ್ರ ಆಕೀದು ಬಿಡ್ರಿ. ಕೂಲಿ ಆಳಿಗೆ ಹೆಸರ ಯಾಕ?"

ಸುದ್ದಿಯಲ್ಲಿ ಇಲ್ಲದವರನ್ನು ಸೇರಿಸುವುದು ಎಷ್ಟು ತಪ್ಪೋ ಇದ್ದವರನ್ನು ಬಿಡುವುದೂ ಅಷ್ಟೇ ತಪ್ಪು ಎಂದು ಡೆಸ್ಕಿನಲ್ಲಿ ಕಲಿತವನು ನಾನು. ಕಾಗದವನ್ನು ಮೇಜಿನ ಮೇಲಿಟ್ಟೆ.

"ಹಂಗಾದ್ರ ನಾ ಬರಿಯೂದಿಲ್ರಿ. ಬ್ಯಾರೆಯವರ ಕಡೆ ಬರಸ್ರಿ."

ಬೇರೆಯವರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಎದ್ದು ಅರಳೆಯ ಕೋಣೆಗೆ ಹೋಗಿ, ಹೆಸರನ್ನು ಅವರಿಂದಲೇ ಕೇಳಿದೆ. ಮಾಲೀಕರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

"ಪೂರ್ತಿ ಹೆಸರ ಬರೀರಿ," ಎಂದರು ಅರಳೆ ನೋಡುವವರು, ಕೈ ನಿಲ್ಲಿಸದೆ. "ಗಂಡನ ಹೆಸರ ಬ್ಯಾಡ. ಊರ ಹೆಸರ ಇರ್ಲಿ."

"ಯಾಕವಾ, ಭಾಳ ದೊಡ್ಡಾಕಿ ಆದೀ?" ಎಂದರು ಮಾಲೀಕರು.

"ಹತ್ತಿ ಕೆಟ್ಟಾಗ ನನ್ನ ಹೆಸರ ಗಿರಣಿ ತುಂಬ ಕೇಳತೈತ್ರಿ, ಧಣ್ಯಾರ. ಛಲೋ ಹತ್ತಿಗೂ ಒಂದಿನ ಕೇಳ್ಲಿ."

ಮಾಲೀಕರು ಆಫೀಸಿಗೆ ತಿರುಗಿದರು. ಬೇಡ ಎನ್ನಲಿಲ್ಲ. ಅರಳೆ ನೋಡುವವರದೂ ಸೇರಿ ಪಟ್ಟಿಯ ಒಂಬತ್ತು ಹೆಸರು ಬರೆದೆ. ಯಾವುದಕ್ಕೂ ಏನೂ ಹಚ್ಚಲಿಲ್ಲ.

ಮರುದಿನ ಬಂದವರಲ್ಲಿ ಹಿರಿಯರು ಅರಳೆಯ ಕೋಣೆಯಲ್ಲಿ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದಿದರು. 'ಸಾನ್' ಹಚ್ಚುವುದು ಬಂದವರ ಕೆಲಸ; ಒಂಬತ್ತಕ್ಕೂ ಒಂದೇ ದನಿಯಲ್ಲಿ ಹಚ್ಚಿದರು. ಮಾಲೀಕರ ಹೆಸರಿಗೆ ಎಷ್ಟು ತಲೆ ಬಾಗಿತೋ ಕೊನೆಯ ಹೆಸರಿಗೂ ಅಷ್ಟೇ ಬಾಗಿತು. ಅದಕ್ಕೆ ನಾಲಿಗೆ ಹೊರಳದೆ ಎರಡು ಸಲ ಓದಿದರು.

ಆ ಹೆಸರಿನವರು ಅರಳೆ ರಾಶಿಯ ಬದಿಗೆ ಕೂತಲ್ಲಿಂದ ಏಳಲಿಲ್ಲ. ತುಂಬಿದ ಚೀಲವೊಂದನ್ನು ಹಿರಿಯ ಅತಿಥಿಯ ಕಡೆ ಸರಿಸಿದರು. "ಬರ್ರಿ, ಕುಂದರ್ರಿ."

ಅತಿಥಿ ಚೀಲದ ಮೇಲೆ ಕೂತರು. ಮಾಲೀಕರು ನನ್ನ ಕಿವಿಯ ಹತ್ತಿರ ಬಂದರು. "ಎದ್ದ ನಿಂತ ಮಾತಾಡಂತ ಹೇಳ್ರಿ ಆಕಿಗೆ."

ನಾನು ಹೇಳಲಿಲ್ಲ. ಅರಳೆ ನೋಡುವವರು ಆಗಲೇ ಒಂದು ಎಳೆ ಅರಳೆಯನ್ನು ಅತಿಥಿಯ ಅಂಗೈಯಲ್ಲಿಟ್ಟು ನನ್ನ ಕಡೆ ನೋಡುತ್ತಿದ್ದರು.

"ಇದು ಮುನವಳ್ಳಿ ಕಡೀದು. ಎಳಿ ಉದ್ದ ಐತಿ. ಆ ಗಿಡ್ಡ ಎಳಿ ರಾಶಿ ಒಳಗ ಇದನ್ನ ಕೂಡಸಬ್ಯಾಡ್ರಿ ಅಂತ ನಾ ಹೇಳಿದ್ನಿ, ಧಣ್ಯಾರ ಕೂಡಿಸ್ಯಾರ. ಅದನ್ನೂ ಹೇಳ್ರಿ ಇವರಿಗೆ."

ಒಂದಕ್ಷರ ಬಿಡದೆ ಹೇಳಿದೆ.